ಪರದೆಗೆ ಅಂಟಿಕೊಂಡ ಮುಖ

ನನ್ನ ಕೆಲಸದಲ್ಲಿ ಗಿರಾಕಿಗಳು ಎರಡೇ ಬಗೆ. ಮದುವೆ ಮನೆಯವರು ಮತ್ತು ಮಣ್ಣಿಗೆ ಹೋಗಿ ಬಂದವರು. ಮದುವೆ ಮನೆಯವರು ಬಹಳ ಮುಂಚೆಯೇ ಬರುತ್ತಾರೆ. ಕಾರ್ಡಿನ ಮೇಲಿನ ಗಣಪತಿಯ ಸೊಂಡಿಲು ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂದು ಮನೆಮಂದಿಯೆಲ್ಲ ಕೂತು ಚರ್ಚೆ ಮಾಡುತ್ತಾರೆ, ಅಕ್ಷರಕ್ಕೆ ಕೆಂಪು ಹಾಕಿಸಿ, ಹಸಿರು ಹಾಕಿಸಿ, ತಿರುಗಿ ಕೆಂಪಿಗೇ ಬರುತ್ತಾರೆ. ಇಷ್ಟೆಲ್ಲ ಆಗಿ ಅಚ್ಚಾದ ಮೇಲೆ ಸೋದರಮಾವನ ಹೆಸರು ಬಿಟ್ಟುಹೋಗಿದೆಯೆಂದು ನನ್ನನ್ನೇ ಬೈಯುತ್ತಾರೆ. ಸಾವಿನ ಮನೆಯವರು ಹಾಗಲ್ಲ. ನೆಂಟರಲ್ಲೇ ಯಾರೋ ಒಬ್ಬರು, ತಲೆಗೂದಲು ಇನ್ನೂ ಸರಿಯಾಗಿ ಆರಿರುವುದಿಲ್ಲ, ಬಂದು ಕುರ್ಚಿಯ ಅಂಚಿನಲ್ಲಿ ಕೂರುತ್ತಾರೆ. ನಾವು ಏನು ಮಾಡಿ ತೋರಿಸಿದರೂ "ಆತು ಬಿಡ್ರಿ" ಅನ್ನುತ್ತಾರೆ. ನನಗೆ ಮದುವೆಯವರ ಜಗಳಕ್ಕಿಂತ ಈ "ಆತು ಬಿಡ್ರಿ"ಗೇ ಹೆಚ್ಚು ಭಯ. ತಪ್ಪು ಹುಡುಕದ ಗಿರಾಕಿ ಎಂದರೆ ತಪ್ಪನ್ನೆಲ್ಲ ನಮ್ಮ ತಲೆಯ ಮೇಲೇ ಇಟ್ಟು ಹೋದಂತೆ.

ದಾವಣಗೆರೆಯ ಸರಸ್ವತಿ ನಗರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಬಂದವರಿಗೆ ಒಂದು ಬೆಂಚು. ಕಾರ್ಡು, ಕರಪತ್ರ, ವಿಳಾಸದ ಚೀಟಿ ಇವುಗಳನ್ನು ಟೈಪು ಮಾಡಿ, ಚಿತ್ರ ಕೂರಿಸಿ, ಪಿ.ಜೆ. ಬಡಾವಣೆಯ ಪ್ರೆಸ್ಸಿಗೆ ಕಳಿಸುವುದು ನನ್ನ ಕೆಲಸ. ಅಚ್ಚು ಅವರದು, ಅಕ್ಷರ ನನ್ನದು. ವರ್ಷಾನುಗಟ್ಟಲೆ ಇದನ್ನೇ ಮಾಡಿ ನನಗೂ ಆ ಕಂಪ್ಯೂಟರಿಗೂ ಒಂದು ತೆರನಾದ ಸಂಸಾರ ಕಟ್ಟಿತ್ತು. ಅದು ಹೇಳಿದ್ದನ್ನು ನಾನು ನಂಬುತ್ತಿದ್ದೆ, ನಾನು ಹೇಳಿದ್ದನ್ನು ಅದು ಕೇಳುತ್ತಿತ್ತು. ಮನೆಯಲ್ಲಿ ಅಂಥ ಸಂಬಂಧ ಇನ್ನೊಂದು ಇರಲಿಲ್ಲ.

ಒಂದು ಬೆಳಿಗ್ಗೆ ಅದು ತಾನಾಗಿಯೇ ಏನೋ ಅಪ್‌ಡೇಟ್ ಮಾಡಿಕೊಂಡಿತು. ನೀಲಿ ಪರದೆಯ ಮೇಲೆ ಚಕ್ರ ತಿರುಗುತ್ತಾ ಕೂತಿತು, ನಾನು ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕಿ ಬಂದೆ, ಆಗಲೂ ತಿರುಗುತ್ತಿತ್ತು. ಕೊನೆಗೊಮ್ಮೆ ಎಚ್ಚರವಾಯಿತು. ಹಿಂದಿನ ದಿನ ಅರ್ಧಕ್ಕೆ ಬಿಟ್ಟಿದ್ದ ಮದುವೆಯ ಕಾರ್ಡನ್ನು ತೆರೆದೆ. ವರನ ಹೆಸರಿದ್ದ ಕಡೆ ಒಂದು ಕಪ್ಪು ಚೌಕ. ಮೌಸನ್ನು ಅದರ ಮೇಲೆ ತಂದರೆ ಚೌಕ ಹೋಗಿ ವರ ಕಾಣಿಸಿದ, ಆದರೆ ವಧು ಮಾಯವಾದಳು. ಗಣಪತಿಯನ್ನು ಸ್ವಲ್ಪ ಪಕ್ಕಕ್ಕೆ ಎಳೆದೆ. ಅವನು ಹೊಸ ಜಾಗಕ್ಕೆ ಬಂದ, ಹಳೆಯ ಜಾಗದಲ್ಲೂ ಉಳಿದ. ಇನ್ನೊಮ್ಮೆ ಎಳೆದರೆ ಇನ್ನೊಬ್ಬ. ಕಾರ್ಡಿನ ತುಂಬ ಗಣಪತಿಗಳ ಮೆರವಣಿಗೆ ಹೊರಟಿತು. ವಿಚಿತ್ರವೆಂದರೆ ಬರೇ ಅಕ್ಷರ ಬರೆಯುವ ಪ್ರೋಗ್ರಾಮಿನಲ್ಲಿ ಏನೂ ತೊಂದರೆಯಿಲ್ಲ. ಚಿತ್ರ ಕೂರಿಸುವ ಪ್ರೋಗ್ರಾಮು, ಮಾಡಿದ್ದನ್ನು ಕೊನೆಗೆ ತೆರೆದು ನೋಡುವ ಪ್ರೋಗ್ರಾಮು, ಇವೆರಡರಲ್ಲಿ ಮಾತ್ರ ಈ ಆಟ.

ನಮ್ಮ ಯಜಮಾನರಿಗೆ ತೋರಿಸಿದೆ. ಅವರು ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ವ್ಯಾಪಾರದವರು. ಅವರ ಪ್ರಕಾರ ಲೋಕದ ಯಂತ್ರಗಳಿಗೆ ಬರುವ ರೋಗ ಒಂದೇ, ಧೂಳು. ಮಿಕ್ಸಿ ನಿಂತರೆ ಧೂಳು, ಫ್ಯಾನು ಕಿರುಗುಟ್ಟಿದರೆ ಧೂಳು, ಒಮ್ಮೆ ನನ್ನ ತಂಗಿಗೆ ತಲೆನೋವು ಬಂದಾಗಲೂ ಧೂಳೇ ಅಂದಿದ್ದರು. "ಮೊದ್ಲು ಬಿಚ್ಚಿ ಒರೆಸ್ಬೇಕು" ಎಂದು ಕಂಪ್ಯೂಟರಿನ ಡಬ್ಬಿಯನ್ನು ಅಂಗಳಕ್ಕೆ ಒಯ್ದು, ಗಡ್ಡ ಮಾಡಿಕೊಳ್ಳುವ ಬ್ರಷ್ಷಿನಿಂದ ಒಳಗೆಲ್ಲ ಸವರಿದರು. ಬಂದದ್ದು ಸುಳ್ಳಲ್ಲ, ಒಂದು ಹಿಡಿ ಧೂಳು ಬಂತು. ಅದನ್ನು ಕಾಗದದ ಮೇಲೆ ಗುಡ್ಡೆ ಹಾಕಿ ಹೋಗಿಬರುವವರಿಗೆಲ್ಲ ತೋರಿಸಿದರು. ತಿರುಗಿ ಜೋಡಿಸಿ ಆನ್ ಮಾಡಿದಾಗ ಕಪ್ಪು ಚೌಕ ಅಲ್ಲೇ ಇತ್ತು, ಮೊದಲಿಗಿಂತ ಸ್ವಚ್ಛವಾಗಿ ಕಾಣುತ್ತಿತ್ತು. "ಇದು ಒಳಗಿನ ಧೂಳು" ಎಂದು ಹೇಳಿ ಅವರು ಮಾರುಕಟ್ಟೆಗೆ ಹೋದರು.

ನನ್ನ ತಮ್ಮ ಶಶಿಧರ ವಿದ್ಯಾನಗರದ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿದ್ದಾನೆ. ಫೋನು ಮಾಡಿದೆ. "ಅಕ್ಕ, ಬಾಯಿಲೆ ಹೇಳಿದ್ರೆ ಗೊತ್ತಾಗಲ್ಲ, ಸ್ಕ್ರೀನ್‌ಶಾಟ್ ಕಳಿಸು" ಅಂದ. ಪರದೆಯ ಮೇಲೆ ಇರುವುದನ್ನು ಕಂಪ್ಯೂಟರೇ ಚಿತ್ರ ತೆಗೆದುಕೊಡುತ್ತದಲ್ಲ, ಅದು. ತೆಗೆದು ಕಳಿಸಿದೆ.

"ಏನೂ ಆಗಿಲ್ಲಲ್ಲಕ್ಕ. ಚೆನ್ನಾಗೇ ಐತೆ."

"ವರನ ಹೆಸರಿನ ಮೇಲೆ ಕರೀ ಚೌಕ ಕಾಣಲ್ವೇನೋ?"

"ಎಲ್ಲೈತೆ? ಚಿರಂಜೀವಿ ಅಂತ ಹಾಕಿ ಹೆಸರು ನೀಟಾಗಿ ಐತೆ. ಗಣಪತೀನೂ ಒಬ್ನೇ ಅದಾನೆ." ಆಮೇಲೆ ಬಹಳ ಮೃದುವಾಗಿ, "ಅಕ್ಕ, ಕಣ್ಣು ತೋರ್ಸಿ ಎಷ್ಟು ದಿನ ಆತು?" ಅಂದ.

ತಮ್ಮಂದಿರು ಮೃದುವಾಗಿ ಮಾತಾಡಿದರೆ ಅಕ್ಕಂದಿರಿಗೆ ಗಾಬರಿಯಾಗುತ್ತದೆ. ಆ ಚಿತ್ರವನ್ನು ನನ್ನ ಫೋನಿನಲ್ಲಿ ನಾನೇ ನೋಡಿದೆ. ಅವನು ಹೇಳಿದ್ದು ನಿಜ, ಕಾರ್ಡು ಕನ್ನಡಿಯ ಹಾಗಿತ್ತು. ತಲೆಯೆತ್ತಿ ಪರದೆ ನೋಡಿದರೆ ಗಣಪತಿಗಳ ಮೆರವಣಿಗೆ. ಅಂದರೆ ಕಂಪ್ಯೂಟರು ತನಗೇನೂ ಆಗಿಲ್ಲವೆಂದು ತಾನೇ ಸಾಕ್ಷಿ ಹೇಳುತ್ತಿತ್ತು. ಹಾಗಾದರೆ ರೋಗ ಯಾರದು? ಮರುದಿನ ಪಿ.ಜೆ. ಬಡಾವಣೆಯ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಕೂತೆ. ಅವರು ನನ್ನನ್ನು ಗಾಜುಗಳ ಹಿಂದೆ ಕೂರಿಸಿ ಗೋಡೆಯ ಮೇಲಿನ ಅಕ್ಷರ ಓದಿಸಿದರು. ಓದುವುದು ನನ್ನ ವೃತ್ತಿಯಾದ್ದರಿಂದ ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿದೆ, ಜೊತೆಗೆ ಕೊನೆಯ ಸಾಲು ಸ್ವಲ್ಪ ಓರೆಯಾಗಿ ಅಚ್ಚಾಗಿದೆಯೆಂದೂ ಹೇಳಿದೆ. ಅದು ಅವರಿಗೆ ಅಷ್ಟು ಹಿಡಿಸಲಿಲ್ಲ. "ಕರೀ ಚೌಕ ಕಾಣ್ತಾವೆ ಅಂದ್ರಲ್ಲ, ಈಗ ಕಾಣ್ತಾವಾ?" ಎಂದು ಕೇಳಿದರು. ಇಲ್ಲ ಅಂದೆ. "ಮತ್ತೆ ಯಾವಾಗ ಕಾಣ್ತಾವೆ?" "ಕಾರ್ಡು ಮಾಡೋವಾಗ." ಅವರು ನನ್ನ ಮುಖ ನೋಡಿ, ನಿದ್ದೆ ಸರಿಯಾಗಿ ಬರುತ್ತದೆಯೇ, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ವಿಚಾರಿಸಿದರು. ಕನ್ನಡಕದ ನಂಬರು ಚೂರು ಬದಲಾಗಿದೆ ಎಂದು ಹೊಸದು ಬರೆದುಕೊಟ್ಟರು. ಹೊಸ ಕನ್ನಡಕದಲ್ಲಿ ಚೌಕದ ನಾಲ್ಕೂ ಮೂಲೆ ಸ್ಪಷ್ಟವಾಗಿ ಕಂಡವು.

ಫೋನಿನ ಕ್ಯಾಮೆರಾದಿಂದಲೇ ಪರದೆಯ ಫೋಟೋ ತೆಗೆಯಬಹುದೆಂದು ನನಗೆ ಹೊಳೆದದ್ದು ಆಮೇಲೆ. ತೆಗೆದೆ. ಅದರಲ್ಲಿ ಚೌಕ ಬಂದಿತ್ತು. ಶಶಿಗೆ ಕಳಿಸಿದ ಕೂಡಲೇ ಫೋನು ಬಂತು. "ಅರೆ, ಹೌದಲ್ಲಕ್ಕ" ಅಂದ. ನನ್ನ ಕಣ್ಣೂ ತಲೆಯೂ ಸರಿಯಿವೆಯೆಂದು ಒಂದು ಫೋನಿನಿಂದ ಪ್ರಮಾಣಪತ್ರ ಸಿಕ್ಕ ಹಾಗಾಯಿತು. ಭಾನುವಾರ ಸ್ಕೂಟರ್ ಹಾಕಿಕೊಂಡು ಬಂದ. ಅವನು ಕೂತ ತಕ್ಷಣ ಪರದೆ ತುಂಬ ಮರ್ಯಾದಸ್ಥನ ಹಾಗೆ ನಡೆದುಕೊಂಡಿತು. ವರ ವಧು ಗಣಪತಿ ಎಲ್ಲರೂ ತಮ್ಮ ತಮ್ಮ ಜಾಗದಲ್ಲಿ. ಮಂಡಕ್ಕಿ ತಿಂದು, ಟೀ ಕುಡಿದು, ಒಂದು ಗಂಟೆ ಕಾದು ಎದ್ದು ಹೋದ. ಗೇಟಿನ ಹತ್ತಿರ ಸ್ಕೂಟರ್ ಶುರುವಾದ ಸದ್ದಿಗೆ ಕಪ್ಪು ಚೌಕ ತಿರುಗಿ ಬಂತು. ಕೂಗಿದೆ, ಅವನಿಗೆ ಕೇಳಲಿಲ್ಲ.

ಇಂಥ ಕಾಲದಲ್ಲಿ ಹರಿಹರದ ನೀಲಮ್ಮನವರ ಕೆಲಸ ಬಂತು. ಅವರ ಗಂಡ ರುದ್ರಪ್ಪನವರು ತೀರಿಕೊಂಡಿದ್ದರು. ಹರಿಹರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದವರು. ಆ ಓಣಿಯವರೆಲ್ಲ ಇವರು ಬೀಸಿದ ಜೋಳದ ಹಿಟ್ಟಿನ ರೊಟ್ಟಿಯನ್ನೇ ಉಂಡವರು. ಮಗಳ ಮದುವೆಯ ಕಾರ್ಡನ್ನು ನಾನೇ ಮಾಡಿದ್ದೆ. ಆಗ ರುದ್ರಪ್ಪನವರು ಬಂದು ಬೆಂಚಿನ ಮೇಲೆ ಕೂತು, "ಅಕ್ಕಾರೆ, ಅಕ್ಷರ ಸ್ವಲ್ಪ ದಪ್ಪನಾಗಿ ಬೀಸ್ರಿ, ನುಣ್ಣಗೆ ಬ್ಯಾಡ" ಎಂದು ಹೇಳಿ ತಾವೇ ನಕ್ಕಿದ್ದು ನೆನಪಿತ್ತು. ಈಗ ಶಿವಗಣಾರಾಧನೆಯ ಕಾರ್ಡು. ಹೋದವರ ಹೆಸರಿನಲ್ಲಿ ಜಂಗಮರಿಗೂ ನೆಂಟರಿಷ್ಟರಿಗೂ ಊಟ ಹಾಕಿಸುವ ದಿನಕ್ಕೆ ಕರೆಯುವುದು. ನೀಲಮ್ಮ ಫೋನಿನಲ್ಲೇ ವಿವರ ಹೇಳಿದರು, ಒಂದು ಫೋಟೋ ಕಳಿಸಿದರು.

ಗಿರಣಿಯಲ್ಲಿ ಮಗಳು ತೆಗೆದ ಫೋಟೋ. ರುದ್ರಪ್ಪನವರ ತಲೆ, ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು ಎಲ್ಲ ಹಿಟ್ಟು. ಯಾರೋ ಏನೋ ಅಂದಿದ್ದಾರೆ, ಬಾಯಿ ತುಂಬ ನಗುತ್ತಿದ್ದಾರೆ. ಆ ಬಿಳಿಯಲ್ಲಿ ಕಣ್ಣೆರಡು ಮಾತ್ರ ಕಪ್ಪಗೆ ಹೊಳೆಯುತ್ತಿದ್ದವು. ನಾನು ಬಹಳ ಕಾರ್ಡು ಮಾಡಿದ್ದೇನೆ, ಆದರೆ "ತೀವ್ರ ದುಃಖದಿಂದ ತಿಳಿಸಬಯಸುವುದೇನೆಂದರೆ" ಎಂಬ ಸಾಲಿನ ಮೇಲೆ ಅಷ್ಟು ಸಂತೋಷದ ಮುಖವನ್ನು ಕೂರಿಸಿದ್ದು ಅದೇ ಮೊದಲು. ಕೂರಿಸಿ ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆ. ಪರದೆ ಕೂಡ ಆ ಹೊತ್ತಿನಲ್ಲಿ ಏನೂ ಮಾಡಲಿಲ್ಲ.

ಮಾರನೆಯ ದಿನ ರುದ್ರಪ್ಪನವರ ಅಣ್ಣ ಬಸವರಾಜಪ್ಪನವರು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಮಡಿಸಿದ ಟವಲು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಮನೆಯ ಹಿರಿಯರು. ಕೂಡ್ರಿ ಅಂದರೂ ಕೂರದೆ ನಿಂತೇ ಪರದೆ ನೋಡಿದರು.

"ಈ ಫೋಟೋ ಯಾರು ಕೊಟ್ರು?"

"ನೀಲಮ್ಮೋರು ಕಳಿಸಿದ್ರು."

"ಅವಳಿಗೇನು ತಿಳೀತೈತಮ್ಮಾ, ದುಃಖದಾಗ ಅದಾಳೆ. ಹಿಟ್ಟು ಬಡ್ಕೊಂಡಿರೋ ಮುಖ ಕಾರ್ಡಿನಾಗ ಹಾಕಿದ್ರೆ ಬೀಗರು ಏನಂದಾರು? ಸತ್ತೋನು ನಗ್ತಾನೆ ಅಂದ್ರೆ ಹೆಂಗೆ?" ಜೇಬಿನಿಂದ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆದುಕೊಟ್ಟರು. ಯಾವುದೋ ಅರ್ಜಿಗೆಂದು ತೆಗೆಸಿದ್ದು. ರುದ್ರಪ್ಪನವರು ಕತ್ತಿನ ತನಕ ಗುಂಡಿ ಹಾಕಿಕೊಂಡು, ಉಸಿರು ಬಿಗಿಹಿಡಿದು, ಯಾರೋ ತಮ್ಮ ಮೇಲೆ ದೂರು ಕೊಟ್ಟ ಹಾಗೆ ನೋಡುತ್ತಿದ್ದರು. "ಇದನ್ನ ಹಾಕು. ನಾಳೆ ನೀಲಮ್ಮ ಆಸ್ಪತ್ರೆ ಕಾಗದಪತ್ರದ ಕೆಲಸಕ್ಕೆ ದಾವಣಗೆರೆಗೆ ಬರ್ತಾಳೆ, ಹೆಸರುಗಳು ಸರಿ ಅದಾವಾ ಅಂತ ಅವಳು ನೋಡ್ತಾಳೆ. ನನಗೆ ಅಡಿಗೆಯೋರ್ನ ಗೊತ್ತು ಮಾಡೋದೈತೆ." ಹೊರಟರು. ಹಿರಿಯರ ಮಾತು. ಹಾಕಲೇಬೇಕು.

ಅವರು ಕೊಟ್ಟ ಫೋಟೋವನ್ನು ಸ್ಕ್ಯಾನ್ ಮಾಡಿ, ಹಳೆಯದನ್ನು ತೆಗೆದು, ಹೊಸದನ್ನು ಕೂರಿಸಿದೆ. ಪರದೆಗೆ ಅಲ್ಲಿಂದ ಹುಚ್ಚು ಹಿಡಿಯಿತು. ಮುಖದ ಮೇಲರ್ಧ ಪಾಸ್‌ಪೋರ್ಟಿನದು, ಕೆಳಗರ್ಧ ಗಿರಣಿಯದು. ಹೆದರಿದ ಕಣ್ಣು, ನಗುವ ಬಾಯಿ. ಸ್ವಲ್ಪ ಅಲುಗಾಡಿಸಿದರೆ ಒಂದು ಕಪ್ಪು ಚೌಕ ಬಂದು ಎರಡನ್ನೂ ನುಂಗಿತು. ಅದನ್ನು ಹೋಗಲಾಡಿಸಲೆಂದು ಹಿಂದಕ್ಕೆ ಹೋಗುವ ಕೀಲಿಗಳನ್ನು ಒತ್ತಿದೆ. ಅಂದರೆ ಈಗಷ್ಟೇ ಮಾಡಿದ ಕೆಲಸವನ್ನು ರದ್ದು ಮಾಡುವ ಕೀಲಿಗಳು. ಚೌಕ ಹೋಗಲಿಲ್ಲ. ಇನ್ನಷ್ಟು ಒತ್ತಿದೆ. ಕೆಟ್ಟ ಟಿವಿಯ ತಲೆಯ ಮೇಲೆ ಬಡಿಯುತ್ತೇವಲ್ಲ, ಹಾಗೆ. ಕೊನೆಗೆ ಚೌಕ ಸರಿದು ಪೂರ್ತಿ ಹಿಟ್ಟಿನ ಮುಖವೇ ಕಂಡಿತು. ನನಗೆ ಆಶ್ಚರ್ಯವಾಗಲಿಲ್ಲ. ತೆಗೆದುಹಾಕಿದ ಗಣಪತಿ ಅಲ್ಲೇ ನಿಲ್ಲುವುದನ್ನು ಇಷ್ಟು ದಿನ ನೋಡಿದವಳಿಗೆ, ತೆಗೆದುಹಾಕಿದ ರುದ್ರಪ್ಪನವರು ನಿಂತದ್ದು ಹೊಸದೇನಲ್ಲ. ಫೈಲನ್ನು ಸೇವ್ ಮಾಡಿದೆ.

ಮರುದಿನ ನೀಲಮ್ಮ ಒಬ್ಬರೇ ಬಂದರು. ತಲೆಯ ಮೇಲೆ ಸೆರಗು, ಕೈಯಲ್ಲಿ ಆಸ್ಪತ್ರೆಯ ಕಾಗದಗಳ ಚೀಲ. ಬೆಂಚಿನ ಮೇಲೆ ಕೂತು ನೀರು ಕುಡಿದರು. ನಾನು ಕಾರ್ಡನ್ನು ತೆರೆದೆ. ಹಿಟ್ಟಿನ ಮುಖ ಪರದೆಯ ತುಂಬ ನಕ್ಕಿತು. ನೀಲಮ್ಮ ಚೀಲವನ್ನು ಪಕ್ಕಕ್ಕಿಟ್ಟು ಮುಂದಕ್ಕೆ ಬಾಗಿದರು.

ನಾನು ಅವಸರದಿಂದ, "ಇದು ಹಳೇದ್ರಿ ನೀಲಮ್ಮಾರೆ, ಪರದೆಗೆ ಅಂಟ್ಕೊಂಡೈತೆ. ನಮ್ಮ ಕಂಪ್ಯೂಟರ್ ಕೆಟ್ಟೈತೆ, ಇಲ್ಲದ್ದನ್ನೆಲ್ಲ ತೋರಿಸ್ತೈತೆ. ಒಳಗೆ ನಿಮ್ಮ ಭಾವನೋರು ಕೊಟ್ಟ ಫೋಟೋನೇ ಐತೆ" ಅಂದೆ.

"ಭಾವನೋರು ಬ್ಯಾರೆ ಕೊಟ್ರಾ?"

"ಹೂಂ ರೀ. ಗುಂಡಿ ಹಾಕ್ಕೊಂಡಿರೋದು."

ಅವರಿಗೆ ಯಾವುದೆಂದು ತಿಳಿಯಿತು. ಭಾವನವರ ಎದುರು ಅವರು ಎದುರಾಡಿದವರಲ್ಲ, ಭಾವನವರು ಎದುರಿಗಿಲ್ಲದಾಗಲೂ ಎದುರಾಡಿದವರಲ್ಲ. ಪರದೆಯನ್ನೇ ಬಹಳ ಹೊತ್ತು ನೋಡಿದರು. ನಾನು ಹೆಸರುಗಳನ್ನು ಒಂದೊಂದಾಗಿ ಓದುತ್ತಿದ್ದೆ, ಅವರು ಹೂಂ ಅನ್ನುತ್ತಿದ್ದರು, ಆದರೆ ಕಣ್ಣು ಹೆಸರುಗಳ ಮೇಲೆ ಇರಲಿಲ್ಲ.

"ಅಕ್ಕಾರೆ, ಈ ಕೆಟ್ಟಿದ್ದು ರಿಪೇರಿ ಆಗ್ತೈತಾ?"

"ಆಗ್ಲೇಬೇಕಲ್ರಿ. ತಮ್ಮಗೆ ಹೇಳೀನಿ."

"ಆತು ಬಿಡ್ರಿ" ಅಂದರು. ಎದ್ದು ಸೆರಗು ಸರಿಮಾಡಿಕೊಂಡು ಬಾಗಿಲ ಹತ್ತಿರ ನಿಂತು, "ಒಳಗೆ ಏನೈತೋ ಅದನ್ನೇ ಅಚ್ಚು ಹಾಕಿಸ್ರಿ" ಅಂದರು. ಬಡವಿ, ಭಾವನ ಮಾತಿಗೆ ತಲೆಬಾಗಿದಳಲ್ಲ ಎಂದು ನನಗೆ ಸಂಕಟವಾಯಿತು. ಫೈಲನ್ನು ಪ್ರೆಸ್ಸಿಗೆ ಕಳಿಸಿದೆ. ಸಾಮಾನ್ಯವಾಗಿ ನಮ್ಮ ಪ್ರಿಂಟರಿನಲ್ಲಿ ಒಂದು ಪ್ರತಿ ತೆಗೆದು ನೋಡುತ್ತೇನೆ. ಅಂದು ಅದರಲ್ಲಿ ಬಣ್ಣ ಮುಗಿದಿತ್ತು. ಪ್ರೆಸ್ಸಿನವರಿಗೆ ರುದ್ರಪ್ಪನವರು ಯಾರೆಂದೇ ಗೊತ್ತಿಲ್ಲ, ಬಂದದ್ದನ್ನು ಅಚ್ಚು ಹಾಕಿ, ಮಡಿಸಿ, ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ಇಟ್ಟರು. ಬಸವರಾಜಪ್ಪನವರ ಕಡೆಯವರು ಬಂದು ಕಟ್ಟುಗಳನ್ನು ಹಾಗೆಯೇ ಒಯ್ದರು.

ಅದಾದ ಮೇಲೆ ಶಶಿ ಕಾಲೇಜಿನಿಂದ ಫೋನು ಮಾಡಿದ. ಅವನಿಗೆ ಏನೋ ಹೊಳೆದಿತ್ತು. "ಅಕ್ಕ, ಎರಡೇ ಪ್ರೋಗ್ರಾಮಿನಾಗ ಬರ್ತೈತೆ ಅಂದ್ಯಲ್ಲ. ಆ ಎರಡೂ ಚಿತ್ರ ತೋರ್ಸೋ ಕೆಲ್ಸನ ಒಳಗಿರೋ ಗ್ರಾಫಿಕ್ಸ್ ಕಾರ್ಡ್ ಅನ್ನೋ ಭಾಗಕ್ಕೆ ಒಪ್ಪಿಸ್ತಾವೆ. ಅಪ್‌ಡೇಟಿನಾಗ ಆ ಭಾಗನ ನಡೆಸೋ ಡ್ರೈವರ್ ಅನ್ನೋ ಪ್ರೋಗ್ರಾಮು ಬದಲಾಗೈತೆ. ಇಬ್ರಿಗೂ ಹೊಂದ್ತಾ ಇಲ್ಲ. ಅದಕ್ಕೇ ಕಂಪ್ಯೂಟರ್ ಒಳಗೆ ಚಿತ್ರ ಸರಿ ಇರ್ತೈತೆ, ಸ್ಕ್ರೀನ್‌ಶಾಟಿನಾಗೂ ಸರಿ ಬರ್ತೈತೆ, ಪರದೆಗೆ ಬರೋವಾಗ ಮಾತ್ರ ಕೆಡ್ತೈತೆ." ಅಂದರೆ ಅತ್ತೆ ಒಳಗಿನಿಂದ ಹೇಳಿ ಕಳಿಸಿದ್ದು ಒಂದು, ಸೊಸೆ ಹೊರಗೆ ಬಂದು ಹೇಳಿದ್ದು ಇನ್ನೊಂದು ಎಂದು ನಾನು ಅರ್ಥ ಮಾಡಿಕೊಂಡೆ. ಅವನು ಹೇಳಿದಂತೆ ಪ್ರೋಗ್ರಾಮಿನ ಸೆಟ್ಟಿಂಗ್ಸ್ ತೆರೆದು, ಗ್ರಾಫಿಕ್ಸ್ ಕಾರ್ಡ್ ಬಳಸು ಎನ್ನುವ ಕಡೆ ಇದ್ದ ಪುಟ್ಟ ಟಿಕ್ ಗುರುತನ್ನು ತೆಗೆದೆ. ಮುಚ್ಚಿ ತೆರೆದೆ. ಗಣಪತಿಯನ್ನು ಎಳೆದು ನೋಡಿದೆ, ಒಬ್ಬನೇ. ಇನ್ನೂ ಎಳೆದೆ, ಒಬ್ಬನೇ. ಆಮೇಲೆ ಇನ್ನೊಂದು ಪ್ರೋಗ್ರಾಮಿನಲ್ಲೂ ಅದೇ ಟಿಕ್ ತೆಗೆಸಿದ. ಇಷ್ಟು ದಿನ ಧೂಳು, ಕಣ್ಣು, ತಲೆ ಎಂದು ಅಲೆದದ್ದೆಲ್ಲ ಒಂದು ಟಿಕ್ ಗುರುತಿನಲ್ಲಿ ಮುಗಿದುಹೋಯಿತು. ಸಂತೋಷಕ್ಕಿಂತ ಅವಮಾನವೇ ಹೆಚ್ಚಾಯಿತು.

ಸರಿಯಾದ ಪರದೆಯಲ್ಲಿ ಎಲ್ಲವನ್ನೂ ಒಮ್ಮೆ ನೋಡೋಣವೆಂದು ರುದ್ರಪ್ಪನವರ ಕಾರ್ಡನ್ನು ತೆರೆದೆ. ಹಿಟ್ಟಿನ ಮುಖ ನಗುತ್ತಿತ್ತು. ಮೌಸನ್ನು ಆಡಿಸಿದೆ. ಹೋಗಲಿಲ್ಲ. ಪ್ರೋಗ್ರಾಮನ್ನು ಮುಚ್ಚಿ ತೆರೆದೆ. ಅಲ್ಲೇ ಇತ್ತು. ಸ್ಕ್ರೀನ್‌ಶಾಟ್ ತೆಗೆದೆ. ಅದರಲ್ಲೂ ಇತ್ತು. ಆಗ ಕೀಲಿಗಳನ್ನು ಬಡಿದದ್ದು ನೆನಪಾಯಿತು. ಚೌಕವನ್ನು ಓಡಿಸಲು ಹೋಗಿ ನಾನು ಹೊಸ ಫೋಟೋವನ್ನೇ ರದ್ದು ಮಾಡಿದ್ದೆ. ಎಲ್ಲದರಲ್ಲೂ ಸುಳ್ಳು ಹೇಳಿದ ಪರದೆ ಈ ಒಂದರಲ್ಲಿ ನಿಜ ಹೇಳಿತ್ತು. ಅದನ್ನು ನಂಬದೆ ಕಳಿಸಿಬಿಟ್ಟಿದ್ದೆ. ಪ್ರೆಸ್ಸಿಗೆ ಫೋನು ಮಾಡಿದರೆ, "ಕಟ್ಟು ಹೋಗಿ ಎರಡು ದಿನ ಆತ್ರಿ" ಅಂದರು. ಬಸವರಾಜಪ್ಪನವರಿಗೆ ಫೋನು ಮಾಡುವ ಧೈರ್ಯ ಬರಲಿಲ್ಲ. ಸೀರೆ ಬದಲಿಸಿ ಹರಿಹರದ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕೂತು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಟೈಪು ಮಾಡಿದೆ, ಅಳಿಸಿದೆ. ತಪ್ಪು ಕಂಪ್ಯೂಟರಿನದು ಎಂದು ಶುರುಮಾಡಿದರೆ ಸುಳ್ಳಾಗುತ್ತದೆ, ನನ್ನದು ಎಂದು ಶುರುಮಾಡಿದರೆ ಅವರು ಮುಂದಿನದನ್ನು ಕೇಳುವುದಿಲ್ಲ. ಹರಿಹರದಲ್ಲಿ ಇಳಿದು ಅವರ ಓಣಿಗೆ ಹೋದಾಗ ಗಿರಣಿಯ ಬಾಗಿಲು ಮುಚ್ಚಿತ್ತು, ಪಕ್ಕದ ಮನೆಯ ಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ಬಸವರಾಜಪ್ಪನವರು ಚಾಪೆಯ ಮೇಲೆ ಕೂತಿದ್ದರು. ಎದುರಿಗೆ ಬಿಚ್ಚಿದ ಕಾಗದ, ಉಳಿದಿದ್ದ ಸ್ವಲ್ಪ ಕಾರ್ಡು.

"ಬಾರಮ್ಮಾ" ಅಂದರು. ಧ್ವನಿ ಏರಲಿಲ್ಲ, ಅದೇ ಕಷ್ಟವಾಯಿತು. "ನಾನು ಏನು ಹೇಳಿದ್ದೆ, ನೀನು ಏನು ಮಾಡಿದಿ? ಹುಡುಗ್ರು ಮಡಿಕೆ ಬಿಚ್ಚಿ ನೋಡದಂಗೆ ಸುತ್ತಲ ಹಳ್ಳಿಗೆಲ್ಲ ಹಂಚಿ ಬಂದ್ರು. ನಾನು ಈಗ ನೋಡ್ದೆ."

"ತಪ್ಪು ನಂದೇರಿ ಯಜಮಾನ್ರೆ. ಮತ್ತೆ ಅಚ್ಚು ಹಾಕಿಸಿಕೊಡ್ತೀನಿ."

"ಹಾಕಿಸಿ ಏನು ಮಾಡ್ತಿ? ಮನೆಮನೆಗೆ ಹೋಗಿ, ಆ ಕಾರ್ಡು ಕೊಡ್ರಿ, ಈ ಕಾರ್ಡು ತಗೋಳ್ರಿ ಅಂತೀಯಾ? ಒಂದು ಸಾವಿಗೆ ಎರಡು ಸಲ ಕರೀಬಾರದು."

ಅಷ್ಟರಲ್ಲಿ ಎದುರುಮನೆಯ ಅಜ್ಜ ಕೋಲೂರಿಕೊಂಡು ಬಂದರು. ರುದ್ರಪ್ಪನವರ ಗಿರಣಿಯ ಕಟ್ಟೆಯ ಮೇಲೆ ದಿನಾ ಕೂತು ಹೋಗುತ್ತಿದ್ದವರಂತೆ. ಕೈಯಲ್ಲಿ ಅದೇ ಕಾರ್ಡು. ನನ್ನನ್ನು ಅವರು ಗಮನಿಸಲೇ ಇಲ್ಲ. ಕಾರ್ಡನ್ನು ಬಸವರಾಜಪ್ಪನವರ ಮುಂದೆ ಹಿಡಿದು, "ಬಸಣ್ಣಾ, ಇದನ್ನ ತೆಗೆದು ನೋಡ್ದೆ ನೋಡು, ಮೊದ್ಲು ನಗು ಬಂತು. ಆಮ್ಯಾಲೆ ತಡ್ಕಳಾಕ ಆಗ್ಲಿಲ್ಲ. ನಾನು ಜೋಳದ ಡಬ್ಬಿ ಇಟ್ಟು, ನುಣ್ಣಗೆ ಬೀಸೋ ಅಂದ್ರೆ ಹಿಂಗೇ ನಗ್ತಿದ್ದ. ಸತ್ತ ದಿನಾನೂ ನನಗೆ ಅಳು ಬಂದಿರ್ಲಿಲ್ಲಪ್ಪ" ಅಂದರು. ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟರು.

ಬಸವರಾಜಪ್ಪನವರು ಆ ಕಾರ್ಡನ್ನು ತೆಗೆದುಕೊಂಡರು. ಅವರ ಮುಂದೆ ಅಂಥವೇ ಅಷ್ಟೊಂದು ಬಿದ್ದಿದ್ದವು, ಆದರೂ ಅಜ್ಜನ ಕೈಯಲ್ಲಿದ್ದುದನ್ನೇ ತೆಗೆದುಕೊಂಡು ನೋಡಿದರು. ಅಲ್ಲಿಯವರೆಗೆ ಅವರು ನೋಡಿದ್ದು ತಪ್ಪನ್ನು, ತಮ್ಮನನ್ನಲ್ಲ ಎಂದು ನನಗೆ ಅನ್ನಿಸಿತು. ಬಹಳ ಹೊತ್ತು ನೋಡಿ, "ಹುಬ್ಬಿನ ಮೇಲಿನ ಹಿಟ್ಟು ಒರ್ಸ್ಕೊಳ್ಳೋ ಅಂತ ದಿನಾ ಹೇಳ್ತಿದ್ದೆ, ಕೇಳ್ಲಿಲ್ಲ" ಅಂದರು. ಟವಲಿನಿಂದ ಮುಖ ಒರೆಸಿಕೊಂಡು ಎದ್ದು ಹಿತ್ತಲ ಕಡೆ ಹೋದರು. ನಲ್ಲಿಯ ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು.

ನೀಲಮ್ಮ ನನ್ನನ್ನು ಒಳಗೆ ಕರೆದು ಟೀ ಕೊಟ್ಟರು. ನಾನು ದನಿ ತಗ್ಗಿಸಿ ಕ್ಷಮೆ ಕೇಳಿದೆ, ಕೀಲಿ, ಚೌಕ, ಡ್ರೈವರ್ ಎಲ್ಲ ವಿವರಿಸಿದೆ. ಅವರು ಸಕ್ಕರೆ ಕದಡುತ್ತಾ ಕೇಳಿದರು.

"ನನಗೆ ಅವತ್ತೇ ಅನ್ಸಿತ್ರಿ ಅಕ್ಕಾರೆ" ಅಂದರು.

"ಏನಂತ?"

"ಒಳಗೂ ಅದೇ ಐತೆ ಅಂತ. ನೀವು ಹೆಸರು ಓದೋವಾಗ ಅಕ್ಷರ ಎಲ್ಲಾ ಒಂದ್ಸಲ ಹೋಗಿ ಬಂದ್ವು, ಅಂಚಿನ ಗೆರೆಗಳು ಹೋಗಿ ಬಂದ್ವು. ಅವರು ಮಾತ್ರ ಒಂದ್ಸಲಾನೂ ಅಲುಗಾಡ್ಲಿಲ್ಲ. ಕೆಟ್ಟಿದ್ದು ಹಂಗೆ ಗಟ್ಟಿಯಾಗಿ ಕೂಡ್ತೈತೇನ್ರಿ?"

"ಮತ್ತೆ ಯಾಕ ಹೇಳ್ಲಿಲ್ಲ?"

"ನೀವು ತಿಳಿದೋರು, ಒಳಗೆ ಬ್ಯಾರೆ ಐತೆ ಅಂದ್ರಿ. ನಾನ್ಯಾಕ ಎದುರು ಮಾತಾಡ್ಲಿ?" ಲೋಟವನ್ನು ನನ್ನ ಕಡೆ ಸರಿಸಿದರು. ಮುಖದಲ್ಲಿ ನಗುವಿರಲಿಲ್ಲ, ಆದರೆ ಅಳುವೂ ಇರಲಿಲ್ಲ. ಇಡೀ ಬದುಕಿನಲ್ಲಿ ಯಾರಿಗೂ ಎದುರಾಡದ ಹೆಂಗಸು ಹೀಗೆ ಒಂದು ಸಲ ತನ್ನ ಮಾತನ್ನು ಊರಿಗೆಲ್ಲ ಅಚ್ಚು ಹಾಕಿಸಿ ಹಂಚಿದ್ದಳು, ಅದೂ ನನ್ನ ಕೈಯಿಂದ. ಟೀ ಕುಡಿದು ಬಸ್ಸು ಹತ್ತಿದೆ. ಶಿವಗಣಾರಾಧನೆಗೆ ನಾನೂ ನಮ್ಮ ಯಜಮಾನರೂ ಹೋಗಿದ್ದೆವು. ಊಟಕ್ಕೆ ಕೂತವರು ಪಂಕ್ತಿಯಲ್ಲೇ ಒಬ್ಬರಿಗೊಬ್ಬರು ಗಿರಣಿಯ ಕಥೆ ಹೇಳುತ್ತಿದ್ದರು. ಫೋಟೋದಲ್ಲಿ ಅಷ್ಟೊಂದು ಬಿಳಿ ಯಾಕಿದೆ ಎಂದು ಯಜಮಾನರು ಕೇಳಿದರು. ಅವರು ಧೂಳು ಅನ್ನುವ ಮೊದಲೇ ಹಿಟ್ಟು ಅಂದೆ.

ಕೆಲವು ತಿಂಗಳ ಮೇಲೆ ಬಸವರಾಜಪ್ಪನವರು ನಮ್ಮ ಅಂಗಡಿಗೆ ಬಂದರು. ಈ ಸಲ ಕೂತರು. ಏನು ಕೆಲಸವೆಂದು ಕೇಳಿದರೆ ಕೂಡಲೇ ಹೇಳಲಿಲ್ಲ. ಮಳೆ, ಬೆಳೆ, ನೀಲಮ್ಮ ಗಿರಣಿಯನ್ನು ತಿರುಗಿ ಶುರುಮಾಡಿದ್ದು ಎಲ್ಲ ಮಾತಾಡಿ, ಕೊನೆಗೆ ಮೊಮ್ಮಗಳ ಫೋನಿನಲ್ಲಿ ತೆಗೆಸಿದ ತಮ್ಮದೇ ಫೋಟೋವನ್ನು ಕಳಿಸಿಕೊಟ್ಟರು. ಹೊಸ ಹಲ್ಲಿನ ಸೆಟ್ಟು ಹಾಕಿಕೊಂಡು ನಗುತ್ತಿದ್ದರು. "ಇದು ನಿನ್ನ ಹತ್ರ ಇರ್ಲಿ. ಮುಂದೆ ಬೇಕಾಗ್ತೈತಲ್ಲ. ನಮ್ಮ ಮನಿಯೋರು ಆ ಹೊತ್ತಿನಾಗ ಯಾವುದೋ ಒಂದು ತಂದು ಕೊಟ್ಟುಬಿಡ್ತಾರೆ." ಅದನ್ನು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿದೆ. ಮುಂದಕ್ಕೆ ಬಾಗಿ ನೋಡಿದರು. ಹಿಂದಕ್ಕೆ ಸರಿದು ನೋಡಿದರು.

"ನಿನ್ನ ಕಂಪ್ಯೂಟರ್ ಇನ್ನೂ ರಿಪೇರಿ ಆಗಿಲ್ಲೇನಮ್ಮಾ? ನಾನು ಇಷ್ಟು ಮುದುಕ ಕಾಣ್ತೀನಲ್ಲ."

ನಾನು ಪರದೆ ನೋಡಿದೆ. ಎಲ್ಲ ಸ್ಪಷ್ಟವಾಗಿತ್ತು, ಒಂದು ಗೆರೆಯೂ ಹೆಚ್ಚು ಕಡಿಮೆ ಇರಲಿಲ್ಲ. "ಹೂಂ ರೀ, ಸ್ವಲ್ಪ ತೊಂದರೆ ಐತೆ" ಅಂದೆ. ಅವರು ಸಮಾಧಾನದಿಂದ ಎದ್ದು ಹೋದರು.

ಅವರು ಹೋದ ಮೇಲೆ ನನ್ನದೂ ಒಂದಿರಲಿ ಎಂದು ನನ್ನ ಫೋಟೋವನ್ನು ಹುಡುಕಿ ಅದೇ ಪರದೆಯ ಮೇಲೆ ತೆರೆದೆ. ಬಸವರಾಜಪ್ಪನವರ ಹಾಗೆಯೇ ಒಮ್ಮೆ ಮುಂದಕ್ಕೆ ಬಾಗಿ, ಒಮ್ಮೆ ಹಿಂದಕ್ಕೆ ಸರಿದು ನೋಡಿದೆ. ಹೊಸ ಕನ್ನಡಕವನ್ನು ತೆಗೆದು ಒರೆಸಿ ಹಾಕಿಕೊಂಡು ತಿರುಗಿ ನೋಡಿದೆ. ಆಮೇಲೆ ಶಶಿಗೆ ಫೋನು ಮಾಡಿ, ಬಿಡುವಾದಾಗ ಒಮ್ಮೆ ಬಂದು ಹೋಗು, ಆ ಟಿಕ್ ಗುರುತು ಎಲ್ಲಿತ್ತೋ ಮರೆತುಹೋಗಿದೆ, ಅದನ್ನು ಮೊದಲಿದ್ದ ಹಾಗೇ ಹಾಕಿಬಿಡೋಣ ಅಂದೆ.